ಓದುಗರ ಪ್ರಶ್ನೆ: ಮೇಸ್ತ್ರಿಯ ಮಗ ಸಿವಿಲ್ ಡಿಪ್ಲೊಮಾ ಓದಬೇಕೆ?

ಪ್ರಶ್ನೆ: ನಾನು ಇಪ್ಪತ್ತೆರಡು ವರ್ಷಗಳಿಂದ ಗಾರೆ ಮೇಸ್ತ್ರಿಯಾಗಿ ದುಡಿಯುತ್ತಿದ್ದೇನೆ. ಈ ಬಾರಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಸೇರುತ್ತೇನೆ ಎನ್ನುತ್ತಾನೆ. ಪಿಯುಸಿ ವಿಜ್ಞಾನಕ್ಕೆ ಸೇರಿಸಿದರೆ ಮುಂದೆ ಎಂಜಿನಿಯರ್ ಆಗುತ್ತಾನೆ ಎಂದು ನೆಂಟರು ಹೇಳುತ್ತಾರೆ. ಮನೆ ಕಟ್ಟುವುದನ್ನು ನಾನೇ ಕಲಿಸಬಲ್ಲೆ. ಅದಕ್ಕಾಗಿ ಮೂರು ವರ್ಷ ಕಾಲೇಜು ಬೇಕೆ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ತೂಗುಗುಂಡು ಬಿಟ್ಟು ಗೋಡೆ ನೇರವಾಗಿದೆಯೇ ಎಂದು ನೋಡುವ ಕಣ್ಣು, ಕರಣೆ ಹಿಡಿಯುವ ಕೈ ನಿಮ್ಮಿಂದಲೇ ನಿಮ್ಮ ಮಗನಿಗೆ ಬರಬೇಕು. ಅದನ್ನು ಯಾವ ಕಾಲೇಜೂ ನಿಮ್ಮಷ್ಟು ಚೆನ್ನಾಗಿ ಕಲಿಸಲಾರದು. ಆದರೆ ಕೆಲಸದಲ್ಲಿ ನಾವು ಮಾಡುವುದನ್ನು ಏಕೆ ಮಾಡುತ್ತೇವೆ, ಎಷ್ಟು ಮಾಡಬೇಕು ಎಂಬುದನ್ನು ಅಳೆದು ತಿಳಿಯುವುದು ಬೇರೆಯೇ ವಿದ್ಯೆ, ಮತ್ತು ಅದಕ್ಕೆ ಪ್ರಯೋಗಾಲಯ ಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಮೋಲ್ಡ್ ಹಾಕುವ ದಿನ ಕಾಂಕ್ರೀಟು ಗಟ್ಟಿಯಾಗಿದೆ, ಸೆಂಟ್ರಿಂಗ್ ಒಳಗೆ ಸಲೀಸಾಗಿ ಇಳಿಯುತ್ತಿಲ್ಲ ಎಂದು ಮಿಕ್ಸರ್‌ಗೆ ಇನ್ನೆರಡು ಬಕೆಟ್ ನೀರು ಸುರಿಯುವುದನ್ನು ನೀವು ಅನೇಕ ಕಡೆ ನೋಡಿರುತ್ತೀರಿ. ಕಾಂಕ್ರೀಟು ಕೆಲಸದ ನಿಯಮಗಳನ್ನು ಹೇಳುವ ಭಾರತೀಯ ಮಾನಕ 456ರ ಪ್ರಕಾರ, ಹೆಚ್ಚು ತೇವ ತಾಗದ ಜಾಗದ ಎಂ-20 ದರ್ಜೆಯ ಆರ್‌ಸಿಸಿಯಲ್ಲಿ (ಕಂಬಿ ಹಾಕಿದ ಕಾಂಕ್ರೀಟಿನಲ್ಲಿ) ನೀರಿನ ತೂಕ ಸಿಮೆಂಟಿನ ತೂಕದ 0.55 ಪಾಲನ್ನು ಮೀರಬಾರದು. ಎಂದರೆ 50 ಕಿಲೋ ಚೀಲಕ್ಕೆ ಹೆಚ್ಚೆಂದರೆ 27.5 ಲೀಟರ್, ಮರಳು ಒದ್ದೆಯಾಗಿದ್ದರೆ ಅದರಲ್ಲಿರುವ ನೀರನ್ನೂ ಇದರಲ್ಲಿಯೇ ಕಳೆಯಬೇಕು. ಹೆಚ್ಚಾದ ನೀರು ಆರಿಹೋದ ಮೇಲೆ ಕಾಂಕ್ರೀಟಿನೊಳಗೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಆ ದಾರಿಯಲ್ಲಿ ಮಳೆನೀರು ಇಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿದ ಕಂಬಿ ತನ್ನನ್ನು ಹೊದ್ದಿರುವ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಹತ್ತು ವರ್ಷದ ನಂತರ ಮನೆಯವರು ಸೋರುವ ಸೂರನ್ನು ನೋಡಿ ಮಳೆಯನ್ನು ದೂರುತ್ತಾರೆ. ತಪ್ಪು ಆಗಿದ್ದು ಮೋಲ್ಡ್ ಹಾಕಿದ ದಿನವೇ.

ಪಾಲಿಟೆಕ್ನಿಕ್‌ನ ವಿದ್ಯಾರ್ಥಿ ಇದನ್ನು ಪುಸ್ತಕದಲ್ಲಿ ಮಾತ್ರ ಓದುವುದಿಲ್ಲ. ಸ್ಲಂಪ್ ಕೋನ್ ಎಂಬ 300 ಮಿಲಿಮೀಟರ್ ಎತ್ತರದ ಶಂಕುವಿನಾಕಾರದ ಅಚ್ಚಿನಲ್ಲಿ ಕಾಂಕ್ರೀಟು ತುಂಬಿ, ಪದರವೊಂದಕ್ಕೆ 25 ಸಲ ಸರಳಿನಿಂದ ಕುಟ್ಟಿ, ಕೋನನ್ನು ಮೆಲ್ಲಗೆ ಮೇಲೆತ್ತುತ್ತಾನೆ. ಒಳಗಿನ ರಾಶಿ ಎಷ್ಟು ಕುಸಿಯಿತು ಎಂದು ಪಟ್ಟಿ ಇಟ್ಟು ಅಳೆಯುವಾಗ ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಅವನ ಕಣ್ಣೆದುರೇ ಇರುತ್ತದೆ. ಅದೇ ಕಾಂಕ್ರೀಟಿನಿಂದ 150 ಮಿಲಿಮೀಟರ್ ಘನಗಳನ್ನು ಎರೆದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಎಂ-20 ಘನವೊಂದು ಒಡೆಯದೆ ತಾಳಬೇಕಾದ ಭಾರ ಸುಮಾರು 46 ಟನ್. ನನ್ನ ಅಧ್ಯಾಪಕ ವೃತ್ತಿಯಲ್ಲಿ, ಹೆಚ್ಚು ನೀರು ಹಾಕಿ ತಾನೇ ಎರೆದ ಘನ ಅದಕ್ಕಿಂತ ಎಷ್ಟೋ ಮೊದಲೇ ಬಿರುಕು ಬಿಟ್ಟಿದ್ದನ್ನು ನೋಡಿದ ಹುಡುಗ ಮತ್ತೆಂದೂ ನೀರಿನ ವಿಷಯದಲ್ಲಿ ಅಸಡ್ಡೆ ಮಾಡಿದ್ದನ್ನು ನಾನು ಕಾಣಲಿಲ್ಲ.

ಪಿಯುಸಿಯೂ ಒಳ್ಳೆಯ ದಾರಿಯೇ. ಆದರೆ ಎಂಜಿನಿಯರ್ ಆಗುವ ಬಾಗಿಲು ಡಿಪ್ಲೊಮಾದಿಂದ ಮುಚ್ಚುವುದಿಲ್ಲ. ಮೂರು ವರ್ಷಗಳ ಆರು ಸೆಮಿಸ್ಟರ್ ಮುಗಿಸಿದವರು ಡಿಪ್ಲೊಮಾ ಮುಗಿಸಿದವರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ರ‍್ಯಾಂಕಿನ ಆಧಾರದ ಮೇಲೆ ನೇರವಾಗಿ ಬಿಇ ಎರಡನೆಯ ವರ್ಷಕ್ಕೆ ಸೇರಬಹುದು. ಮಗನಿಗೆ ಕಟ್ಟಡದ ಕೆಲಸದಲ್ಲಿ ನಿಜವಾದ ಒಲವಿದ್ದರೆ ಈ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಸೇರಿಸುವ ಮೊದಲು ನೀವಿಬ್ಬರೂ ಒಮ್ಮೆ ಕಾಲೇಜಿಗೆ ಹೋಗಿ ಸಾಮಗ್ರಿ ಪರೀಕ್ಷೆಯ ಪ್ರಯೋಗಾಲಯವನ್ನು ನೋಡಿ ಬನ್ನಿ. ಘನ ಒಡೆಯುವ ಯಂತ್ರ ಕೆಲಸ ಮಾಡುತ್ತಿದೆಯೇ, ಸರ್ವೆಗೆ ಬಳಸುವ ಟೋಟಲ್ ಸ್ಟೇಷನ್ ಉಪಕರಣ ಪೆಟ್ಟಿಗೆಯಿಂದ ಹೊರಗೆ ಬರುತ್ತದೆಯೇ ಎಂದು ಕೇಳಲು ಸಂಕೋಚಪಡಬೇಡಿ; ಸರ್ಕಾರಿ ಕಾಲೇಜು ನಿಮ್ಮ ತೆರಿಗೆಯಿಂದ ನಡೆಯುವ ಕಾಲೇಜು.

ಪ್ರಶ್ನೆ: ನಾನು ಸಿವಿಲ್ ಡಿಪ್ಲೊಮಾ ಮೂರನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಹೆಣ್ಣುಮಕ್ಕಳು ಸೈಟಿಗೆ ಹೋಗುವುದು ಬೇಡ, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಕಲಿತರೆ ಸಾಕು ಎಂದು ಮನೆಯಲ್ಲಿ ಹೇಳುತ್ತಾರೆ. ನಾನೇನು ಮಾಡಲಿ?
— ಓದುಗರೊಬ್ಬರು, ಗದಗ

ಉತ್ತರ: ಆಟೋಕ್ಯಾಡ್ ಅವಶ್ಯ ಕಲಿಯಮ್ಮ. ಆದರೆ ಸೈಟನ್ನು ಬಿಡಬೇಡ. ಕಂಬಿ ಕಟ್ಟುವುದನ್ನು ಹತ್ತಿರ ನಿಂತು ನೋಡದವರು ಬರೆದ ಡ್ರಾಯಿಂಗಿನಲ್ಲಿ, ಬೀಮ್ ಮತ್ತು ಕಂಬ ಸೇರುವ ಕಡೆ ಜಲ್ಲಿ ಇಳಿಯಲು ಜಾಗವೇ ಉಳಿದಿರುವುದಿಲ್ಲ. ಸರ್ವೆ ತರಗತಿಯಲ್ಲಿ ಉಪಕರಣವನ್ನು ಗಂಡುಮಕ್ಕಳ ಕೈಗೆ ಕೊಟ್ಟು ನೀನು ರೀಡಿಂಗ್ ಬರೆದುಕೊಳ್ಳುವವಳಾಗಿ ಉಳಿಯಬೇಡ. ಸರದಿ ಕೇಳಿ ತೆಗೆದುಕೋ. ಮನೆಯವರ ಆತಂಕ ನಿನ್ನ ಸುರಕ್ಷತೆಯದಾದರೆ ಅದನ್ನು ತಳ್ಳಿಹಾಕಬಾರದು. ಉಪನ್ಯಾಸಕರೊಬ್ಬರಿಂದ ಅವರೊಡನೆ ಮಾತನಾಡಿಸು. ಸಹಪಾಠಿಗಳ ತಂಡದೊಂದಿಗೆ, ಹಗಲು ಹೊತ್ತಿನಲ್ಲಿ, ಹೆಲ್ಮೆಟ್ ಮತ್ತು ಬೂಟು ಧರಿಸಿ ಹೋಗುತ್ತೇನೆ ಎಂದು ವಿವರವಾಗಿ ತಿಳಿಸು.

ಪ್ರಶ್ನೆ: ಡಿಪ್ಲೊಮಾ ಮುಗಿಯಿತು. ಮನೆಯ ಪರಿಸ್ಥಿತಿಯಿಂದಾಗಿ ಈಗಲೇ ಬಿಇ ಸೇರಲಾರೆ. ಮುಂದಿನ ದಾರಿ?
— ಓದುಗರೊಬ್ಬರು, ಸಾಗರ

ಉತ್ತರ: ಕಿರಿಯ ಎಂಜಿನಿಯರ್ ಹುದ್ದೆಗಳಿಗೆ ಡಿಪ್ಲೊಮಾ ಸಾಕು. ರಾಜ್ಯದಲ್ಲಿ ಲೋಕೋಪಯೋಗಿ ಇಲಾಖೆಯಂಥ ಕಡೆ, ಕೇಂದ್ರದಲ್ಲಿ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಯ ಮೂಲಕ ಈ ನೇಮಕಾತಿ ನಡೆಯುತ್ತದೆ. ಅಧಿಸೂಚನೆ ಬರುವವರೆಗೆ ಖಾಲಿ ಕೂರದೆ, 1961ರ ಅಪ್ರೆಂಟಿಸ್ ಕಾಯ್ದೆಯಡಿ ತಂತ್ರಜ್ಞ ಅಪ್ರೆಂಟಿಸ್ ಆಗಿ ಸೇರಿದರೆ ಭತ್ಯೆಯೂ ಅನುಭವವೂ ದೊರೆಯುತ್ತವೆ. ಆ ಅವಧಿಯಲ್ಲಿ ಅಂದಾಜು ಪಟ್ಟಿ ತಯಾರಿಸುವುದನ್ನು, ಆದ ಕೆಲಸದ ಅಳತೆಗಳನ್ನು ದಾಖಲಿಸುವ ಅಳತೆ ಪುಸ್ತಕ ಬರೆಯುವುದನ್ನು ಕೇಳಿ ಕಲಿಯಿರಿ. ಗುತ್ತಿಗೆದಾರರ ಬಿಲ್ಲು ಆ ಪುಸ್ತಕದ ಮೇಲೆಯೇ ನಿಂತಿರುವುದರಿಂದ, ಅದನ್ನು ತಪ್ಪಿಲ್ಲದೆ ಬರೆಯಬಲ್ಲವರನ್ನು ಯಾವ ಕಚೇರಿಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಂಕಪಟ್ಟಿಗಳ ಮೂಲ ಪ್ರತಿಗಳನ್ನು ಮಾತ್ರ ಯಾವ ಉದ್ಯೋಗದಾತರ ಬಳಿಯೂ ಒತ್ತೆ ಇಡಬೇಡಿ.