ನೀರಿನಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವಾಗ, ಬಫರ್‌ನಲ್ಲಿ (ಪಿಎಚ್ ಕದಲದಂತೆ ಹಿಡಿಯುವ ದ್ರಾವಣದಲ್ಲಿ) ನೆಟ್ಟಗೆ ಬರುವ ಸೀಸದ ಪೀಕ್, ಅಂದರೆ ಗ್ರಾಫ್‌ನಲ್ಲಿ ಏಳುವ ಶಿಖರ, ನೀರಿನ ಸ್ಯಾಂಪಲ್‌ನಲ್ಲಿ ಅಲೆದಾಡುತ್ತದೆ. ಪ್ರಿಂಟೆಡ್ ಕಾರ್ಬನ್ ಸ್ಟ್ರಿಪ್ ಮೇಲೆ ಯಾವ ಪದರ ಹಾಕಿದರೆ ಸರಿಹೋಗುತ್ತದೆ: ಗ್ರಾಫೀನ್, ಚಿನ್ನದ ನ್ಯಾನೋಕಣ, ನಾಫಿಯಾನ್ ಎಂಬ ಪಾಲಿಮರ್?

ಆ ಅಲೆದಾಡುವ ಪೀಕ್ ಜೊತೆ ನಾನು ಏಳು ತಿಂಗಳು ಸಂಸಾರ ಮಾಡಿದ್ದೇನೆ. ನಿಮ್ಮ ಪಟ್ಟಿ ನೋಡಿದರೆ ನನ್ನದೇ ಹಳೆಯ ನೋಟ್‌ಬುಕ್ ತೆರೆದಂತಾಯಿತು. ಗ್ರಾಫೀನ್ ಹಾಕಿದ್ದೆ, ಚಿನ್ನ ಹಾಕಿದ್ದೆ, ನಾಫಿಯಾನ್ ಹಾಕಿದ್ದೆ. ಒಂದೂ ಕೆಲಸಕ್ಕೆ ಬರಲಿಲ್ಲ, ಯಾಕೆಂದರೆ ಕಾಯಿಲೆ ಇದ್ದದ್ದು ಪದರ ಹಾಕಿದ ಎಲೆಕ್ಟ್ರೋಡ್‌ನಲ್ಲೇ ಅಲ್ಲ. ಪಕ್ಕದ್ದರಲ್ಲಿ.

ನನ್ನ ಸೆಟಪ್ ನಿಮ್ಮದರ ಹಾಗೇ. ಲೋಹ ಬಂದು ಕೂರುವ ಕಾರ್ಬನ್ ಇಂಕಿನ ವರ್ಕಿಂಗ್ ಎಲೆಕ್ಟ್ರೋಡ್, ಕರೆಂಟಿನ ಸುತ್ತು ಪೂರ್ತಿ ಮಾಡುವ ಕಾರ್ಬನ್ನಿನದೇ ಕೌಂಟರ್, ಮಗ್ಗುಲಲ್ಲಿ ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡ್ ಇಂಕಿನ ಸಣ್ಣ ಬೂದು ಗೀಟು, ಅದೇ ರೆಫರೆನ್ಸ್, ಅಂದರೆ ವೋಲ್ಟೇಜ್ ಅಳೆಯಲು ಸೊನ್ನೆಯ ಗುರುತು. ಅಸಿಟೇಟ್ ಬಫರ್, ಪಿಎಚ್ 4.5. ಅದಕ್ಕೆ ಲೀಟರಿಗೆ 400 ಮೈಕ್ರೋಗ್ರಾಂ ಬಿಸ್ಮತ್ ಸೇರಿಸಿ, −1.2 ವೋಲ್ಟ್‌ನಲ್ಲಿ ಎರಡು ನಿಮಿಷ ಹಿಡಿದರೆ ಕಾರ್ಬನ್ ಮೇಲೆ ಬಿಸ್ಮತ್ತಿನ ತೆಳು ಪದರ ಕೂರುತ್ತದೆ, ಅದರ ಜೊತೆಗೇ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಕೂಡ. ಆಮೇಲೆ ವೋಲ್ಟೇಜನ್ನು ಮೇಲಕ್ಕೆ ಎಳೆದರೆ ಒಂದೊಂದೇ ಲೋಹ ಕರಗಿ ಹೊರಬಂದು ತನ್ನ ತನ್ನ ಜಾಗದಲ್ಲಿ ಪೀಕ್ ಕೊಡುತ್ತದೆ. ಮೊದಲು ಈ ಕೆಲಸಕ್ಕೆ ಪಾದರಸದ ಪದರ ಬೇಕಿತ್ತು. 2000ರಲ್ಲಿ ಜೋಸೆಫ್ ವಾಂಗ್ ಮತ್ತು ಸಂಗಡಿಗರು ಬಿಸ್ಮತ್ ಸಾಕು ಎಂದು ತೋರಿಸಿದ ಮೇಲೆ ಆ ವಿಷದ ಸಹವಾಸ ತಪ್ಪಿತು. ನನ್ನ ಸ್ಟ್ರಿಪ್‌ನಲ್ಲಿ ಸೀಸ −0.62 ವೋಲ್ಟ್ ಹತ್ತಿರ, ಕ್ಯಾಡ್ಮಿಯಂ −0.86ರ ಹತ್ತಿರ ಬರುತ್ತಿತ್ತು. ಗೊತ್ತಿರುವ ಪ್ರಮಾಣದ ಲೋಹ ಹಾಕಿ ಎಳೆದ ಕ್ಯಾಲಿಬ್ರೇಷನ್ ಗೆರೆ ಹಗ್ಗ ಎಳೆದು ಕಟ್ಟಿದ ಹಾಗೆ ನೇರ.

ಈಗ ನನ್ನ ಮಹಾಪರಾಧಕ್ಕೆ ಬರುತ್ತೇನೆ. ಕ್ಯಾಲಿಬ್ರೇಷನ್ ಬಫರ್‌ನಲ್ಲಿ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇತ್ತು. ಬ್ಲಾಂಕ್ (ಸೀಸ ಹಾಕದ ಬರೀ ಬಫರ್) ಓಡಿಸಿದಾಗ ಸೀಸದ ಜಾಗದಲ್ಲಿ ಒಂದು ಪುಟ್ಟ ಉಬ್ಬು ಎದ್ದಿತು. ಹುಡುಕಿದರೆ ಅದು ಆ ಉಪ್ಪಿನಲ್ಲೇ ಇದ್ದ ಕೊಳೆ. ಸರಿ, ಸ್ಯಾಂಪಲ್‌ಗೆ ಯಾಕೆ ಈ ಕೊಳೆ ಅಂತ ಸ್ಯಾಂಪಲ್ ಬಫರ್‌ನಿಂದ ಮಾತ್ರ ಉಪ್ಪನ್ನು ಕೈಬಿಟ್ಟೆ. ಉಪ್ಪು ಇರುವುದು ಕರೆಂಟ್ ಹರಿಯಲಿಕ್ಕೆ ತಾನೆ, ಅದಕ್ಕೆ ಅಸಿಟೇಟೇ ಇದೆಯಲ್ಲ ಎಂಬ ಲೆಕ್ಕ. ನೋಟ್‌ಬುಕ್‌ನಲ್ಲಿ ಹೆಮ್ಮೆಯಿಂದ 'ಬ್ಲಾಂಕ್ ಶುದ್ಧ' ಅಂತ ಬರೆದು ಅಡಿಗೆರೆ ಎಳೆದದ್ದು ಇವತ್ತಿಗೂ ಇದೆ.

ಗಾಜಿನ ಕೊಳವೆಯ ರೆಫರೆನ್ಸ್ ಎಲೆಕ್ಟ್ರೋಡ್ ನೋಡಿರುತ್ತೀರಿ. ಅದರ ಹೊಟ್ಟೆಯೊಳಗೇ ಗಟ್ಟಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಇರುತ್ತದೆ. ಹೊರಗೆ ನೀವು ಏನೇ ಸುರಿಯಿರಿ, ಒಳಗಿನ ಬೆಳ್ಳಿ ತಂತಿ ತನ್ನ ಮನೆಯಲ್ಲಿ ತಾನು ನೆಮ್ಮದಿಯಾಗಿರುತ್ತದೆ. ಸ್ಟ್ರಿಪ್ ಮೇಲಿನ ಬೂದು ಗೀಟಿಗೆ ಸ್ವಂತ ಮನೆಯಿಲ್ಲ. ತನ್ನ ವೋಲ್ಟೇಜ್ ನಿಲ್ಲಿಸಿಕೊಳ್ಳಲು ಬೇಕಾದ ಕ್ಲೋರೈಡನ್ನು ಅದು ನಿಮ್ಮ ಸ್ಯಾಂಪಲ್‌ನಿಂದಲೇ ಸಾಲ ತರಬೇಕು. ಕ್ಲೋರೈಡ್ ಹತ್ತು ಪಟ್ಟು ಕಡಿಮೆಯಾದರೆ, 25 ಡಿಗ್ರಿಯಲ್ಲಿ, ಆ ಗೀಟಿನ ವೋಲ್ಟೇಜ್ 59 ಮಿಲಿವೋಲ್ಟ್ ಮೇಲಕ್ಕೆ ಹೋಗುತ್ತದೆ. ನೂರು ಪಟ್ಟಾದರೆ 118. ರೆಫರೆನ್ಸ್ ಮೇಲಕ್ಕೆ ಹೋಯಿತೆಂದರೆ ಗ್ರಾಫ್ ಮೇಲೆ ಎಲ್ಲ ಪೀಕೂ ಅಷ್ಟೇ ಎಡಕ್ಕೆ ಜರುಗಿದಂತೆ ಕಾಣುತ್ತದೆ. ಬಟ್ಟೆ ಅಳೆಯುವಾಗ ಟೇಪಿನ ಸೊನ್ನೆ ತುದಿ ಹಿಡಿದವನೇ ಎದ್ದು ನಡೆದರೆ ಬಟ್ಟೆ ಉದ್ದವಾಯಿತು ಅಂತ ಅನ್ನಿಸುವುದಿಲ್ಲವೇ, ಹಾಗೆ.

ನನ್ನ ನೀರಿನಲ್ಲಿ ಕ್ಲೋರೈಡ್ ಇದ್ದದ್ದು ಸುಮಾರು 0.3 ಮಿಲಿಮೋಲಾರ್. ಲೆಕ್ಕ ಹಾಕಿ: 0.1 ಮೋಲಾರ್‌ನಿಂದ ಅಲ್ಲಿಗೆ ಇಳಿದರೆ ಜರುಗುವುದು ಹತ್ತಿರಹತ್ತಿರ 150 ಮಿಲಿವೋಲ್ಟ್. −0.62ರಲ್ಲಿ ಕೂರಬೇಕಾದ ಸೀಸ −0.77ಕ್ಕೆ ಹೋಗಿ ಕೂತಿತು. ಅದು ಸೀಸಕ್ಕಿಂತ ಕ್ಯಾಡ್ಮಿಯಂಗೆ ಹತ್ತಿರದ ಜಾಗ. ನಾನು ಏನು ಮಾಡಿದೆ? 'ಕ್ಯಾಡ್ಮಿಯಂ, ಸ್ವಲ್ಪ ಬಲಕ್ಕೆ ವಾಲಿದೆ' ಅಂತ ಬರೆದೆ. ಅಷ್ಟೇ ಆಗಿದ್ದರೆ ನೋಟ್‌ಬುಕ್‌ನಲ್ಲೇ ಮುಚ್ಚಿಹೋಗುತ್ತಿತ್ತು. ನೀರು ಕೊಟ್ಟವರಿಗೆ ರಿಪೋರ್ಟ್ ಕೂಡ ಕೊಟ್ಟುಬಿಟ್ಟೆ. ಕುಡಿಯುವ ನೀರಿನಲ್ಲಿ ಸೀಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಕ್ಯಾಡ್ಮಿಯಂಗೆ ಬರೀ 3. ಅಂದರೆ ತಪ್ಪು ಹೆಸರು ಹೇಳಿದ್ದಲ್ಲದೆ ಹೆಚ್ಚು ಹೆದರಿಸುವ ಹೆಸರನ್ನೇ ಹೇಳಿದ್ದೆ. ಅವರು ಬೇರೆ ಕಡೆ ಐಸಿಪಿ-ಎಂಎಸ್‌ನಲ್ಲಿ, ಲೋಹಗಳನ್ನು ತೂಕದಿಂದ ಗುರುತಿಸುವ ಯಂತ್ರದಲ್ಲಿ, ಮಾಡಿಸಿದರು. ಕ್ಯಾಡ್ಮಿಯಂ ಇಲ್ಲ, ಸೀಸ ಇದೆ ಅಂತ ಬಂತು. ಆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಗೈಡ್ ಮೇಡಂ ನನ್ನ ಮುಖ ನೋಡಿದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಗಲಾದರೂ ರೆಫರೆನ್ಸ್ ಕಡೆ ನೋಡಬೇಕಿತ್ತು. ನೋಡಲಿಲ್ಲ. ಪದರವೇ ಸರಿಯಿಲ್ಲ ಅಂದುಕೊಂಡೆ, ಏಕೆಂದರೆ ಓದಿದ ಪೇಪರುಗಳಲ್ಲೆಲ್ಲ ಹೊಸತನ ಇರುವುದು ಪದರದಲ್ಲೇ. ಗ್ರಾಫೀನ್ ಆಕ್ಸೈಡ್ ಹನಿ ಬಿಟ್ಟು ಒಣಗಿಸಿದೆ. ಹನಿ ಒಣಗುವಾಗ ಕಣಗಳೆಲ್ಲ ಅಂಚಿಗೆ ಓಡಿ ಉಂಗುರ ಕಟ್ಟಿದವು, ಮಧ್ಯ ಬೋಳು. ಹತ್ತು ಸ್ಟ್ರಿಪ್‌ಗೆ ಹತ್ತು ಎತ್ತರ. ಅದನ್ನು ಹೇಗೋ ಪಳಗಿಸಿದ ಮೇಲೆ ಪೀಕ್ ದೊಡ್ಡದಾಯಿತು ನಿಜ, ಜೊತೆಗೆ ಮೇಲ್ಮೈ ಹಿಗ್ಗಿದ್ದರಿಂದ ಹಿನ್ನೆಲೆ ಕರೆಂಟೂ ದೊಡ್ಡದಾಯಿತು. ಪೀಕ್ ಇರುವ ಜಾಗ? ಒಂದಿಂಚೂ ಸರಿಯಾಗಲಿಲ್ಲ. ಚಿನ್ನದ ನ್ಯಾನೋಕಣ ಹಾಕಿದೆ, ಇನ್ನೂ ಕೆಟ್ಟಿತು. ಚಿನ್ನದ ಮೇಲೆ ಹೈಡ್ರೋಜನ್ ಬೇಗ ಬಿಡುಗಡೆಯಾಗುತ್ತದೆ. −1.2 ವೋಲ್ಟ್‌ನಲ್ಲಿ ಗುಳ್ಳೆ ಎದ್ದು ಬಿಸ್ಮತ್ ಪದರವನ್ನೇ ಎಬ್ಬಿಸಿಕೊಂಡು ಹೋಗುತ್ತಿತ್ತು. ಪಾದರಸದ ಜಾಗಕ್ಕೆ ಬಿಸ್ಮತ್ ತಂದದ್ದರಲ್ಲಿ ಅದು ಹೈಡ್ರೋಜನ್ನನ್ನು ತಡೆದು ಹಿಡಿಯುತ್ತದೆ ಎಂಬುದೂ ಒಂದು ಕಾರಣ. ಅದರಡಿಗೆ ಚಿನ್ನ ಹಾಸುವುದು ಮನೆಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ಚಿನ್ನದ ಎಲೆಕ್ಟ್ರೋಡ್ ಆರ್ಸೆನಿಕ್‌ಗೆ, ಪಾದರಸ ಹುಡುಕಲಿಕ್ಕೆ ಒಳ್ಳೆಯದು. ಅಲ್ಲಿ ಹಾಕಿ. ನಾಫಿಯಾನ್ ಬಗ್ಗೆ ನನಗೆ ತಕರಾರಿಲ್ಲ. ಕೊಳಕು ಸ್ಯಾಂಪಲ್‌ನಲ್ಲಿ ದೊಡ್ಡ ಅಣುಗಳು ಬಂದು ಮೆತ್ತಿಕೊಳ್ಳುವುದನ್ನು ಅದು ತಡೆಯುತ್ತದೆ. ಆದರೆ ಜರುಗಿದ ಪೀಕನ್ನು ಅದು ವಾಪಸ್ ತಂದು ಕೂರಿಸುವುದಿಲ್ಲ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನನ್ನದು ಉಲ್ಟಾ. ನೆಲ ನಿಜಕ್ಕೂ ಡೊಂಕಾಗಿತ್ತು, ನಾನು ಕುಣಿಯುವವಳಿಗೆ ಸೀರೆ ಬದಲಾಯಿಸುತ್ತಾ ಕೂತಿದ್ದೆ.

ಕಂಡುಹಿಡಿದದ್ದು ನಾನಲ್ಲ, ಲ್ಯಾಬಿಗೆ ಹೊಸದಾಗಿ ಬಂದ ಹುಡುಗಿ. ನಾನು ಯಾವಾಗಲೂ ಗ್ರಾಫನ್ನು −1.0ರಿಂದ −0.4ರವರೆಗೆ ಕತ್ತರಿಸಿ ನೋಡುತ್ತಿದ್ದೆ, ಬೇಕಾದ ಲೋಹಗಳು ಅಲ್ಲೇ ಇವೆಯಲ್ಲ ಅಂತ. ಅವಳಿಗೆ ಕತ್ತರಿಸುವುದು ಹೇಗೆಂದು ಗೊತ್ತಿರಲಿಲ್ಲ, ಪೂರ್ತಿ ಗ್ರಾಫ್ ತೆರೆದಿಟ್ಟುಕೊಂಡಿದ್ದಳು. "ಅಕ್ಕಾ, ಈ ಬಲಗಡೆ ದೊಡ್ಡದು ಬಿಸ್ಮತ್ ಅಲ್ವಾ? ಅದೂ ಎಡಕ್ಕೆ ಬಂದಿದೆಯಲ್ಲ?" ಅಂದಳು. ಬಿಸ್ಮತ್ತನ್ನು ನಾವೇ ಹಾಕಿದ್ದು. ಅದು ಬೇರೆ ಲೋಹ ಆಗಲು ಸಾಧ್ಯವಿಲ್ಲ. ಅದು ಜರುಗಿದ್ದೂ ಹೆಚ್ಚುಕಡಿಮೆ ಅಷ್ಟೇ ದೂರ. ಆರು ತಿಂಗಳಿಂದ ಸಾಕ್ಷಿ ಅಲ್ಲೇ ನಿಂತಿತ್ತು, ನಾನೇ ಕತ್ತರಿ ಹಾಕಿ ಹೊರಗಿಟ್ಟಿದ್ದೆ.

ಆಮೇಲೆ ಮಾಡಿದ ಪರೀಕ್ಷೆಗೆ ಐದು ನಿಮಿಷ ಹಿಡಿಯಿತು. ನೀವೂ ಇದನ್ನೇ ಮೊದಲು ಮಾಡಿ, ಯಾವ ಪುಡಿಗೂ ಆರ್ಡರ್ ಹಾಕುವ ಮುಂಚೆ. ಒಂದು ಬೀಕರ್‌ನಲ್ಲಿ ಕ್ಯಾಲಿಬ್ರೇಷನ್ ಬಫರ್, ಅದರಲ್ಲಿ ಸ್ಟ್ರಿಪ್ ಮತ್ತು 3 ಮೋಲಾರ್ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ತುಂಬಿದ ಗಾಜಿನ ರೆಫರೆನ್ಸ್. ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಹಾಕಿ, ಒಂದು ತಂತಿ ಸ್ಟ್ರಿಪ್‌ನ ಬೆಳ್ಳಿ ಕಾಲಿಗೆ, ಇನ್ನೊಂದು ಗಾಜಿನದಕ್ಕೆ. ಸ್ಟ್ರಿಪ್‌ಗೆ ವೋಲ್ಟೇಜ್ ಕೊಡುವ ಪೊಟೆನ್ಶಿಯೋಸ್ಟಾಟ್ ಬಿಚ್ಚಿಡಿ. 0.1 ಮೋಲಾರ್ ಕ್ಲೋರೈಡ್ ಇರುವ ಬಫರ್‌ನಲ್ಲಿ ನನಗೆ ಸುಮಾರು 80 ಬಂತು, ಕದಲದೆ ನಿಂತಿತು. ಲೆಕ್ಕದ ಪ್ರಕಾರ ಬರಬೇಕಾದದ್ದೂ ಅಷ್ಟೇ. ತೊಳೆದು ಸ್ಯಾಂಪಲ್‌ಗೆ ಇಳಿಸಿದೆ: 231, 228, 224... ನೋಡುತ್ತಿದ್ದ ಹಾಗೇ ಇಳಿಯತೊಡಗಿತು. ಮೊದಲಿಗೆ ಅರ್ಥವಾಗಲಿಲ್ಲ. ಗಾಜಿನ ಎಲೆಕ್ಟ್ರೋಡ್‌ನ ತುದಿಯಿಂದ ಉಪ್ಪು ಒಸರಿ ಸ್ಯಾಂಪಲ್‌ಗೆ ಕ್ಲೋರೈಡ್ ಸೇರುತ್ತಿತ್ತು, ಸ್ಟ್ರಿಪ್‌ನ ಬೆಳ್ಳಿ ಅದನ್ನು ಕುಡಿಯುತ್ತಾ ಕೆಳಗಿಳಿಯುತ್ತಿತ್ತು. ಹಾಗಾಗಿ ಮೊದಲ ಅರ್ಧ ನಿಮಿಷದ ರೀಡಿಂಗ್ ಮಾತ್ರ ನಂಬಿ, ಗಾಜಿನದನ್ನು ತಕ್ಷಣ ಎತ್ತಿಬಿಡಿ.

ಮದ್ದು ತೀರಾ ಸಪ್ಪೆಯದು: ಎಲ್ಲದಕ್ಕೂ ಒಂದೇ ಪ್ರಮಾಣದ ಉಪ್ಪು. ನಾನು 1 ಮೋಲಾರ್ ಅಸಿಟೇಟ್ ಮತ್ತು 1 ಮೋಲಾರ್ ಕೆಸಿಎಲ್ ಸೇರಿಸಿದ ಗಟ್ಟಿ ಬಫರ್ ಮಾಡಿಟ್ಟುಕೊಂಡು, ಅದರ 1 ಮಿಲಿಲೀಟರಿಗೆ 9 ಮಿಲಿಲೀಟರ್ ನೀರು ಹಾಕುತ್ತೇನೆ. ಸ್ಟ್ಯಾಂಡರ್ಡಿಗೂ (ಲೋಹ ಎಷ್ಟಿದೆ ಎಂದು ಗೊತ್ತಿರುವ ದ್ರಾವಣಕ್ಕೂ) ಅದೇ, ಬ್ಲಾಂಕಿಗೂ ಅದೇ, ಸ್ಯಾಂಪಲ್‌ಗೂ ಅದೇ. ಉಪ್ಪಿಲ್ಲದೆ ಓಡಿಸಿದರೆ 0.3 ಮಿಲಿಮೋಲಾರ್ ಕ್ಲೋರೈಡ್ ಇರುವ ನೀರಿಗೂ 3 ಇರುವ ನೀರಿಗೂ 59 ಮಿಲಿವೋಲ್ಟ್ ವ್ಯತ್ಯಾಸ. ನಿಮ್ಮ ಪೀಕ್ ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಅಲೆದಾಡುವುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೇ. 0.1 ಮೋಲಾರ್ ಉಪ್ಪಿನ ಮೇಲೆ ಅದೇ ಎರಡು ನೀರು ಹಾಕಿದರೆ ವ್ಯತ್ಯಾಸ ಒಂದು ಮಿಲಿವೋಲ್ಟೂ ಇಲ್ಲ. ಉಪ್ಪಿನಲ್ಲಿ ಕೊಳೆ ಇದ್ದರೆ ಶುದ್ಧ ದರ್ಜೆಯದನ್ನು ತನ್ನಿ, ಬ್ಲಾಂಕ್‌ನಲ್ಲಿ ಎಷ್ಟು ಬರುತ್ತದೋ ಕಳೆಯಿರಿ. ನನ್ನ ಹಾಗೆ ಶುದ್ಧಾಚಾರ ಮಾಡಿ ಉಪ್ಪನ್ನೇ ಬಿಡಬೇಡಿ. ಸ್ಯಾಂಪಲ್ ಉಪ್ಪುನೀರಾದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಆಗ ಅದರ ಕ್ಲೋರೈಡೇ ಮೇಲುಗೈ, ಸ್ಟ್ಯಾಂಡರ್ಡನ್ನು ಅದಕ್ಕೆ ಹೊಂದಿಸಬೇಕು.

ಇನ್ನು ಯಾವ ಪೀಕ್ ಯಾರದು ಅಂತ ಜಾಗ ನೋಡಿ ಹೆಸರಿಡುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. 10 ಮಿಲಿಲೀಟರ್ ಸ್ಯಾಂಪಲ್‌ಗೆ ಲೀಟರಿಗೆ 10 ಮಿಲಿಗ್ರಾಂ ಇರುವ ಸೀಸದ ಸ್ಟ್ಯಾಂಡರ್ಡ್‌ನ 10 ಮೈಕ್ರೋಲೀಟರ್ ಬಿಡಿ. ಲೀಟರಿಗೆ 10 ಮೈಕ್ರೋಗ್ರಾಂ ಏರುತ್ತದೆ. ಇದ್ದ ಪೀಕೇ ಬೆಳೆದರೆ ಸೀಸ. ಪಕ್ಕದಲ್ಲಿ ಇನ್ನೊಂದು ಎದ್ದರೆ ಅದು ಬೇರೆ ಯಾರೋ. ಆ ದಿನ ನಾನು ಮೊದಲು ಕ್ಯಾಡ್ಮಿಯಂ ಬಿಟ್ಟೆ, 'ಕ್ಯಾಡ್ಮಿಯಂ' ಅಂತ ಹೆಸರಿಟ್ಟಿದ್ದ ಪೀಕ್ ಅಲ್ಲಾಡಲಿಲ್ಲ, ಅದರ ಎಡಕ್ಕೆ ಹೊಸ ಮೊಳಕೆ ಎದ್ದಿತು. ಸೀಸ ಬಿಟ್ಟೆ, ಹಳೆಯದು ಬೆಳೆಯಿತು. ಈ ಎರಡು ಹನಿಯನ್ನು ರಿಪೋರ್ಟ್ ಕೊಡುವ ಮುಂಚೆ ಬಿಟ್ಟಿದ್ದರೆ ಇಷ್ಟುದ್ದ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಗ್ರಾಫೀನ್ ಬೇಡವೇ ಬೇಡವೇ ಅಂತ ಕೇಳುತ್ತೀರಿ. ಪೀಕ್ ತನ್ನ ಜಾಗದಲ್ಲೇ ನಿಂತು, ಎತ್ತರ ಮಾತ್ರ ಸಾಲದು ಅಂತಾದರೆ ಬೇಕಾಗಬಹುದು. ಆದರೂ ಮೊದಲು ಎರಡು ನಿಮಿಷದ ಡಿಪೋಸಿಷನ್ನನ್ನು (ಲೋಹ ಕೂರಿಸುವ ಹೊತ್ತನ್ನು) ಐದು ನಿಮಿಷ ಮಾಡಿ ನೋಡಿ, ಕಲಕುವ ವೇಗ ಒಂದೇ ಇರಲಿ. ಅದಕ್ಕೆ ಖರ್ಚಿಲ್ಲ, ಉಂಗುರವೂ ಕಟ್ಟುವುದಿಲ್ಲ. ಅಷ್ಟಕ್ಕೂ ಸಾಲದೆ ಹೋದರೆ ಪದರದ ಮಾತು. ಇಲ್ಲದಿದ್ದರೆ ಮೂಗಿಗಿಂತ ಮೂಗುತಿ ಭಾರ.

ಮಲ್ಟಿಮೀಟರ್‌ನಲ್ಲಿ ಬಫರ್‌ಗೆ ಎಷ್ಟು ಬಂತು, ನೀರಿಗೆ ಎಷ್ಟು ಬಂತು, ಎರಡನ್ನೂ ಬರೆದು ತಿಳಿಸಿ. ವ್ಯತ್ಯಾಸ ಹತ್ತು ಮಿಲಿವೋಲ್ಟ್ ಒಳಗಿದ್ದರೆ ನನ್ನ ಅನುಮಾನ ತಪ್ಪು, ಬೇರೆ ಕಡೆ ಹುಡುಕೋಣ. ಬಿಸ್ಮತ್ ಪೀಕ್ ಕಾಣುವ ಹಾಗೆ ಪೂರ್ತಿ ಗ್ರಾಫ್ ಹಾಕಿ, ಕತ್ತರಿಸಿದ್ದು ಬೇಡ.