ಅದು ಗಿಳಿಮರಿಯಲ್ಲ, ರೋಗವೂ ಇಲ್ಲ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರ ಪತ್ರ: "ತೋಟದ ಹಾಲುವಾಣದ ಹೂಗೊಂಚಲಿಗೆ ಗುಬ್ಬಿಯಷ್ಟೇ ದೊಡ್ಡ ಹಸಿರು ಹಕ್ಕಿಯೊಂದು ತಲೆಕೆಳಗಾಗಿ ಜೋತುಬಿದ್ದಿತ್ತು. ಬಾಲ ಮೊಂಡು. ಗಿಳಿಮರಿಯೇ? ಏನಾದರೂ ರೋಗವೇ? ಮಗಳು ಸಾಕೋಣ ಎನ್ನುತ್ತಿದ್ದಾಳೆ. ಪಕ್ಕದ ಒಣಮರದ ಪೊಟರೆಗೂ ಹೋಗಿಬರುತ್ತಿದೆ. ಆ ಮರವನ್ನು ಈ ತಿಂಗಳು ಕಡಿಸುವವರಿದ್ದೆವು."

ಮಾನ್ಯರೇ, ನೀವು ನೋಡಿದ್ದು ನೇತಾಡುವ ಗಿಳಿ. ಪೂರ್ತಿ ಬೆಳೆದರೂ ಅದರ ಉದ್ದ ಸುಮಾರು 14 ಸೆಂಟಿಮೀಟರ್ ಮಾತ್ರ. ಕೆಂಪು ಕೊಕ್ಕು, ಹಾರುವಾಗ ಎದ್ದು ಕಾಣುವ ಕೆಂಪು ಸೊಂಟ. ಗಂಟಲಲ್ಲಿ ನೀಲಿ ಮಚ್ಚೆಯಿದ್ದರೆ ಗಂಡು. ಪಶ್ಚಿಮ ಘಟ್ಟದ ಕಾಡುಗಳಿಂದ ಹಿಡಿದು ಈಶಾನ್ಯ ಭಾರತ, ಅದರಾಚೆ ವಿಯೆಟ್ನಾಂವರೆಗೂ ಇದರ ನೆಲೆಯಿದೆ. ಎಲೆಯ ನಡುವೆ ಎಲೆಯೇ ಆಗಿಬಿಡುವುದರಿಂದ ತೋಟದಲ್ಲೇ ಹುಟ್ಟಿ ಬೆಳೆದವರಿಗೂ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಜೋತುಬೀಳುವುದು ಅದರ ಹುಟ್ಟುಗುಣ. ಮಕರಂದ ಹೀರುವಾಗಲೂ ಅತ್ತಿಹಣ್ಣು ಕುಕ್ಕುವಾಗಲೂ ಹಾಗೆಯೇ. ರಾತ್ರಿ ನಿದ್ದೆ ಮಾಡುವುದೂ ಬಾವಲಿಯಂತೆ ತಲೆಕೆಳಗಾಗಿಯೇ. ಶೇಂದಿ ಮಡಕೆಗೆ ಬಾಯಿ ಹಾಕಿ ಅಮಲೇರಿಸಿಕೊಳ್ಳುತ್ತದೆಂದು ಹಳೆಯ ಪಕ್ಷಿತಜ್ಞರು ದಾಖಲಿಸಿದ್ದಾರೆ. ನಿಮ್ಮ ಹಕ್ಕಿಯ ಮೇಲೆ ನನಗೆ ಆ ಅನುಮಾನವಿಲ್ಲ, ಹಾಲುವಾಣದ ಹೂವೇ ಅದಕ್ಕೆ ಸಾಕು.

ಪೊಟರೆಯ ಸುದ್ದಿ ಓದಿ ನನ್ನ ಕಿವಿ ನೆಟ್ಟಗಾಯಿತು. ನಮ್ಮಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಇವು ಮೊಟ್ಟೆಯಿಡುವ ಕಾಲ. ಹೆಣ್ಣುಹಕ್ಕಿ ಹಸಿರೆಲೆಯ ಅಂಚನ್ನು ಕೊಕ್ಕಿನಿಂದ ಕತ್ತರಿಸಿ, ಆ ತುಣುಕುಗಳನ್ನು ಸೊಂಟದ ಗರಿಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಪೊಟರೆಗೆ ಹಾರುತ್ತದೆ. ಎಲೆಚೂರುಗಳನ್ನು ಹೊತ್ತ ಹಕ್ಕಿ ಕಂಡರೆ ಗೂಡು ಸಿದ್ಧವಾಗುತ್ತಿದೆ ಎಂದೇ ಅರ್ಥ. ಆಫ್ರಿಕಾದ ಕೆಲವು ಲವ್ ಬರ್ಡ್‌ಗಳನ್ನು ಬಿಟ್ಟರೆ ಗಿಳಿಗಳ ಬಳಗದಲ್ಲಿ ಈ ಜಾಣತನ ಅಪರೂಪ.

ಮಗಳಿಗೆ ದಯವಿಟ್ಟು ಬೇಡವೆನ್ನಿ. ನಮ್ಮ ದೇಶದ ಯಾವ ಕಾಡುಗಿಳಿಯನ್ನೂ ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನು ಹಾಗಿರಲಿ, ಹೂವಿನ ರಸ ಕುಡಿದು ಬದುಕುವ ಹಕ್ಕಿಗೆ ನೆನೆಸಿದ ಕಡಲೆ, ಮೆಣಸಿನಕಾಯಿ ಕೊಟ್ಟು ಎಷ್ಟು ದಿನ ಉಳಿಸಿಕೊಳ್ಳುತ್ತೀರಿ? ಅವಳ ಕೈಗೊಂದು ದುರ್ಬೀನು ಕೊಡಿ.

ಮರ ಕಡಿಯುವುದನ್ನು ಮಳೆಗಾಲ ಹಿಡಿಯುವವರೆಗಾದರೂ ಮುಂದೂಡಿ. ಲೈನ್‌ಮನೆಯ ಮೇಲೋ ವಿದ್ಯುತ್ ತಂತಿಯ ಮೇಲೋ ಬೀಳುವ ಭಯವಿದ್ದರೆ ಅತ್ತ ಚಾಚಿದ ಕೊಂಬೆಗಳನ್ನಷ್ಟೇ ತೆಗೆಸಿ, ಪೊಟರೆಯಿರುವ ಭಾಗವನ್ನು ಬಿಡಿ. ಫೋಟೊ ಬೇಕೆಂದು ಪೊಟರೆಗೆ ಏಣಿ ಮಾತ್ರ ಹಾಕಬೇಡಿ. ಹಾಲುವಾಣದ ಬುಡದಲ್ಲಿ ಬೆಳಗ್ಗೆ ಸ್ವಲ್ಪ ಹೊತ್ತು ನಿಂತರೆ ಹಕ್ಕಿ ತಾನಾಗಿಯೇ ಬರುತ್ತದೆ.

— ಸಂಪಾದಕ