‘ಮಲಗಿಸಿ ಬಂದೆವು, ತಪ್ಪಾಯಿತೇ ಡಾಕ್ಟರೇ?’

ಪ್ರಶ್ನೆ: ಪರೀಕ್ಷೆ ಮುಗಿದ ಖುಷಿಗೆ ನಾವು ಆರು ಜನ ರಾತ್ರಿ ಹೊರಗೆ ಹೋಗಿದ್ದೆವು. ಒಬ್ಬ ಗೆಳೆಯ ವಿಪರೀತ ಕುಡಿದುಬಿಟ್ಟ. ರೂಮಿಗೆ ಕರೆತಂದು, ಕಾಫಿ ಕುಡಿಸಿ, ತಲೆಗೆ ತಣ್ಣೀರು ಸುರಿದು, ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು ನಾವೂ ಮಲಗಿದೆವು. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆಲ್ಲ ವಾಂತಿ. ತಲೆನೋವು ಬಿಟ್ಟರೆ ಅವನಿಗೇನೂ ಆಗಿಲ್ಲ. ಆದರೂ ನನಗೆ ಭಯ ಹೋಗಿಲ್ಲ. ನಾವು ಮಾಡಿದ್ದು ಸರಿಯೇ?

ಉತ್ತರ: ಅವನನ್ನು ಅಲ್ಲೇ ಬಿಡದೆ ಕರೆತಂದದ್ದು ಸರಿ. ಆಮೇಲಿನದ್ದೆಲ್ಲ ತಪ್ಪು. ಏನೂ ಆಗದೆ ಉಳಿದದ್ದು ಅವನ ಅದೃಷ್ಟ. ತುರ್ತು ಚಿಕಿತ್ಸಾ ವಿಭಾಗದಲ್ಲಿ ರಾತ್ರಿಪಾಳಿ ಮಾಡುವ ನನಗೆ ‘ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡೆವು’ ಅನ್ನುವ ಮಾತು ಕೇಳಿದರೇ ಎದೆ ಧಸಕ್ಕೆನ್ನುತ್ತದೆ.

ಲೋಟ ಕೆಳಗಿಟ್ಟ ಕೂಡಲೇ ಅಮಲು ಏರುವುದು ನಿಲ್ಲುವುದಿಲ್ಲ. ಹೊಟ್ಟೆಯಲ್ಲಿ, ಸಣ್ಣ ಕರುಳಿನಲ್ಲಿ ಉಳಿದ ಆಲ್ಕೋಹಾಲ್ ಇನ್ನೂ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹೊರಡುವ ಮುಂಚೆ ಪಂದ್ಯ ಕಟ್ಟಿ ಗಟಗಟ ಇಳಿಸಿದ್ದರ ಪೆಟ್ಟು ಬೀಳುವುದು ಮಲಗಿದ ಮೇಲೆಯೇ. ಇತ್ತ ಯಕೃತ್ತು ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಮಾತ್ರ. ಕಾಫಿ ಕೊಟ್ಟರೂ ಅದರ ವೇಗ ಹೆಚ್ಚುವುದಿಲ್ಲ. ಕುಡಿದವನು ಕುಡಿದಂತೆಯೇ ಇರುತ್ತಾನೆ, ಕಣ್ಣು ಮಾತ್ರ ಬಿಟ್ಟಿರುತ್ತಾನೆ. ಎನರ್ಜಿ ಡ್ರಿಂಕ್ ಬೆರೆಸಿ ಕುಡಿದವರ ಕಥೆಯೂ ಇದೇ: ಸುಸ್ತು ಗೊತ್ತಾಗುವುದಿಲ್ಲ, ಹಾಗಾಗಿ ಇನ್ನಷ್ಟು ಕುಡಿಯುತ್ತಾರೆ. ತಣ್ಣೀರಂತೂ ಬೇಡವೇ ಬೇಡ. ಆಲ್ಕೋಹಾಲಿನಿಂದ ಚರ್ಮದ ರಕ್ತನಾಳಗಳು ಹಿಗ್ಗಿ ಮೈಯ ಬಿಸಿ ಮೊದಲೇ ಸೋರಿಹೋಗುತ್ತಿರುತ್ತದೆ.

ಎಲ್ಲಕ್ಕಿಂತ ಅಪಾಯ ಅಂಗಾತ ಮಲಗಿಸಿದ್ದು. ಗಂಟಲಿಗೆ ಏನಾದರೂ ಬಂದರೆ ಓಕರಿಸಿ ಹೊರಹಾಕುವುದು ನಮ್ಮ ಸಹಜ ಕಾವಲು. ಅಮಲು ಹೆಚ್ಚಾದಾಗ ಆ ಕಾವಲೇ ನಿದ್ದೆಹೋಗಿರುತ್ತದೆ. ವಾಂತಿ ನೇರ ಶ್ವಾಸನಾಳಕ್ಕೆ ಇಳಿಯಬಹುದು.

ಮಗ್ಗುಲಿಗೆ ಹೀಗೆ ಮಲಗಿಸಿ. ಪಕ್ಕದಲ್ಲಿ ಮಂಡಿಯೂರಿ. ನಿಮ್ಮ ಕಡೆಯ ಕೈಯನ್ನು ಮೈಯಿಂದ ದೂರಕ್ಕೆ ಚಾಚಿಡಿ. ಆಚೆ ಕಡೆಯ ಕೈಯನ್ನು ಎದೆಯ ಮೇಲಿಂದ ತಂದು ಅಂಗೈಯ ಹಿಂಬದಿ ನಿಮ್ಮ ಕಡೆಯ ಕೆನ್ನೆಗೆ ತಾಗುವಂತೆ ಹಿಡಿದುಕೊಳ್ಳಿ. ಆಚೆ ಕಡೆಯ ಮಂಡಿ ಮಡಿಸಿ ನಿಮ್ಮತ್ತ ಎಳೆಯಿರಿ. ಎಷ್ಟೇ ದಪ್ಪಗಿರುವವನಾದರೂ ಸಲೀಸಾಗಿ ಹೊರಳುತ್ತಾನೆ. ಗಲ್ಲ ಸ್ವಲ್ಪ ಮೇಲೆತ್ತಿ, ಬಾಯಿ ನೆಲದ ಕಡೆ ವಾಲಿರಲಿ. ಇಂದೇ ರೂಮಿನಲ್ಲಿ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಿ, ನಗು ಬಂದರೂ ಪರವಾಗಿಲ್ಲ.

ಆಮೇಲೆ ಒಬ್ಬರು ಎಚ್ಚರವಾಗಿ ಪಕ್ಕದಲ್ಲೇ ಕೂರಬೇಕು. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ಅಥವಾ ಹೆಚ್ಚಿನ ಬಿಡುವು, ತುಟಿ ನೀಲಿಗಟ್ಟುವುದು, ಮೈ ತಣ್ಣಗಾಗುವುದು, ಫಿಟ್ಸ್, ಜೋರಾಗಿ ಕರೆದು ಚಿವುಟಿದರೂ ಏಳದಿರುವುದು: ಇವುಗಳಲ್ಲಿ ಒಂದು ಕಂಡರೂ ಆಂಬುಲೆನ್ಸ್ ಕರೆಯಿರಿ. ಎಲ್ಲವೂ ಕೂಡಿಬರಲಿ ಎಂದು ಕಾಯಬೇಡಿ. ಮನೆಯವರು ಬೈತಾರೆ, ಕಾಲೇಜಿಗೆ ಗೊತ್ತಾಗುತ್ತದೆ ಎಂದು ಹೆದರಿ ಒಂದು ಗಂಟೆ ತಡಮಾಡಿ ಬರುವವರೇ ಹೆಚ್ಚು. ಏನು ಕುಡಿದ, ಎಷ್ಟು, ಮಾತ್ರೆ ಏನಾದರೂ ನುಂಗಿದನೇ ಎಂದು ಮುಚ್ಚಿಡದೆ ಹೇಳಿ. ಆ ಹೊತ್ತಿನಲ್ಲಿ ಬುದ್ಧಿ ಹೇಳುತ್ತ ಕೂರಲು ನಮಗೆ ಪುರುಸೊತ್ತಿರುವುದಿಲ್ಲ.

ಪ್ರಶ್ನೆ: ನಾನು ಕುಡಿಯುವುದಿಲ್ಲ, ಆದರೆ ಗೆಳತಿಯರ ಜೊತೆ ಪಾರ್ಟಿಗೆ ಹೋಗುತ್ತೇನೆ. ಜ್ಯೂಸಿಗೆ ಯಾರಾದರೂ ಏನಾದರೂ ಬೆರೆಸಿದರೆ ಬಣ್ಣ, ರುಚಿಯಿಂದ ಗೊತ್ತಾಗುತ್ತದೆಯೇ?

ಉತ್ತರ: ಅದನ್ನು ನಂಬಿ ಕೂರಬೇಡಿ. ರೊಹಿಪ್ನಾಲ್ ಎಂಬ ಬಲವಾದ ನಿದ್ದೆಮಾತ್ರೆ ಕರಗಿದರೆ ನೀಲಿ ಬರುವಂತೆ ಅದರ ತಯಾರಕರು ಆಮೇಲೆ ಬಣ್ಣ ಸೇರಿಸಿದರು, ನಿಜ. ಮಬ್ಬು ಬೆಳಕಿನಲ್ಲಿ, ಕಡು ಬಣ್ಣದ ಪಾನೀಯದಲ್ಲಿ ಅದು ಯಾರ ಕಣ್ಣಿಗೆ ಬೀಳುತ್ತದೆ? ಜಿಎಚ್‌ಬಿ ಎಂಬ ಮಂಪರು ತರಿಸುವ ಮಾದಕದ್ರವ್ಯದ ಉಪ್ಪುಪ್ಪು ರುಚಿ ಸಿಹಿ ಜ್ಯೂಸಿನಲ್ಲಿ ಮುಚ್ಚಿಹೋಗುತ್ತದೆ. ಅದೂ ಅಲ್ಲದೆ, ಕದ್ದು ಬೆರೆಸುವುದು ಎಷ್ಟೋ ಸಲ ಬರೀ ಮದ್ಯವನ್ನೇ.

ಲೋಟ ನಿಮ್ಮ ಕೈಯಲ್ಲೇ ಇರಲಿ, ಮೇಜಿನ ಮೇಲೆ ಬಿಟ್ಟು ಎದ್ದು ಹೋದರೆ ಅದನ್ನು ಮತ್ತೆ ಮುಟ್ಟಬೇಡಿ. ಕುಡಿಯದ ನಿಮಗೆ ಒಂದು ಅನುಕೂಲವಿದೆ: ತಲೆ ತೇಲಿದಂತಾದರೆ, ಕಾಲು ಸೋತರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಆಗ ಗಾಳಿಗೆಂದು ಒಬ್ಬರೇ ಹೊರಗೆ ಹೋಗಬೇಡಿ, ‘ನಾನು ಬಿಟ್ಟುಬರುತ್ತೇನೆ’ ಎನ್ನುವ ಹೊಸ ಪರಿಚಯದವರ ಜೊತೆಯಂತೂ ಬೇಡ. ನಂಬಿಕೆಯ ಗೆಳತಿಯ ಕೈ ಹಿಡಿದು ನೇರ ಆಸ್ಪತ್ರೆಗೆ ಬನ್ನಿ. ಜಿಎಚ್‌ಬಿ ಮೂತ್ರದಲ್ಲಿ ಸಿಗುವುದು ಸುಮಾರು 12 ಗಂಟೆಯವರೆಗೆ ಮಾತ್ರ. ಬೆಳಗಾಗಲಿ ನೋಡೋಣ ಎಂದರೆ ಸಾಕ್ಷ್ಯ ಕೈತಪ್ಪುತ್ತದೆ.

ಪ್ರಶ್ನೆ: ಗುಂಪಿನಲ್ಲಿ ಒಬ್ಬಳು ಯಾವಾಗಲೂ ಮೊದಲೇ ಒಬ್ಬಳೇ ಹೊರಟುಬಿಡುತ್ತಾಳೆ. ಏನು ಮಾಡಬೇಕು?

ಉತ್ತರ: ಬೇಡ ಎಂದು ಜಗಳವಾಡಿ ಪ್ರಯೋಜನವಿಲ್ಲ. ಕ್ಯಾಬಿನವರೆಗೆ ಜೊತೆಗೆ ಹೋಗಿ, ನಂಬರ್ ಪ್ಲೇಟ್ ಆ್ಯಪಿನದಕ್ಕೆ ಹೊಂದುತ್ತದೆಯೇ ನೋಡಿ. ಯಾರ ಹೆಸರಿಗೆ ಬುಕ್ಕಾಗಿದೆ ಎಂದು ಚಾಲಕನೇ ಹೇಳಲಿ, ಅವಳು ಹೇಳುವುದಲ್ಲ. ಲೈವ್ ಲೊಕೇಶನ್ ಆನ್ ಇರಲಿ. ಫೋನ್ ಸತ್ತರೆ ಬೇರೆಯವರ ಫೋನಿನಿಂದ ಕರೆಯಲು ಒಂದು ನಂಬರಾದರೂ ಬಾಯಿಪಾಠವಿರಲಿ; ಈಗ ಬಹಳ ಜನಕ್ಕೆ ತಮ್ಮ ಅಮ್ಮನ ನಂಬರೇ ನೆನಪಿಲ್ಲ. ‘ಒಳಗೆ ಬಂದು ಚಿಲಕ ಹಾಕಿದೆ’ ಎಂಬ ಮೆಸೇಜ್ ಹೇಳಿದ ಹೊತ್ತಿಗೆ ಬರದಿದ್ದರೆ ಫೋನ್ ಮಾಡಿ, ಎತ್ತದಿದ್ದರೆ ಅವಳ ರೂಮ್‌ಮೇಟ್‌ಗೆ ಮಾಡಿ.